ಒಂದು ಹಿಡಿ ಮೂಲಂಗಿ

"ಹೀಗೆ ಕೈಕಟ್ಟಿ ಕೂತರೆ ಮೂಲಂಗಿ ತಾನಾಗೇ ದಪ್ಪ ಆಗಲ್ಲ ಕಣೆ. ಏಳು, ನೀನು ಕೊನೇ ಸಾಲಿಂದ ಹಿಡಿ, ನಾನು ಮೊದಲನೇ ಸಾಲಿಂದ ಬರ್ತೀನಿ," ಎನ್ನುತ್ತ ಅತ್ತೆ ಹಿತ್ತಿಲ ಬಾಗಿಲು ದಾಟಿದಾಗ ಸೊಸೆಗೆ ಹೋದ ಜೀವ ಬಂದಂತಾಯಿತು. ಮಾವ ತೀರಿಹೋದಾಗಿನಿಂದ ಅತ್ತೆ ಆ ಬಾಗಿಲ ಕಡೆ ತಲೆ ಹಾಕಿರಲಿಲ್ಲ. ತಟ್ಟೆ ಮುಂದಿಟ್ಟರೆ ಉಂಡರು, ಇಲ್ಲದಿದ್ದರೆ ಇಲ್ಲ. ಇವತ್ತು ಬೆಳಿಗ್ಗೆ ತಾವಾಗಿಯೇ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ತಡಮಾಡಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು ಸೊಸೆ ತಕ್ಷಣ ಹಿಂದೆ ಹೋದಳು.

ಹೊರಗೆ ಚಳಿ ಬಿಟ್ಟು ಬೇಲಿಯೆಲ್ಲ ಚಿಗುರಿತ್ತು. ಕೋಳಿ ತನ್ನ ಮರಿಗಳ ದಂಡು ಕಟ್ಟಿಕೊಂಡು ಗೊಬ್ಬರದ ಗುಂಡಿ ಕೆದಕುತ್ತಿತ್ತು. ಮಾವ ಬಿತ್ತಿ ಹೋದ ಮೂಲಂಗಿ, ನೀರು ಹಾಕುವವರಿಲ್ಲದಿದ್ದರೂ, ಒಂದು ಮಳೆ ಬಿದ್ದದ್ದೇ ನೆಪವಾಗಿ ಹಸಿರಾಗಿ ಎದ್ದು ನಿಂತಿತ್ತು. ಅದನ್ನು ನೋಡಿ ಸೊಸೆಗೆ ಸಿಟ್ಟೇ ಬಂತು. ಸ್ವಲ್ಪ ದಿನ ತಡೆದು ಮೊಳೆಯಬಾರದಿತ್ತೇ ಅನ್ನಿಸಿತು.

ಆ ಮನೆಯಲ್ಲಿ ಬಿತ್ತುವುದು ಮಾವನ ಕೆಲಸ, ಕೀಳುವುದು ಅತ್ತೆಯದು. ಒತ್ತೊತ್ತಾಗಿ ಮೊಳೆತ ಸಸಿಗಳಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ ಅಕ್ಕಪಕ್ಕದವನ್ನು ಕಿತ್ತು ಹಾಕಬೇಕು, ಇಲ್ಲದಿದ್ದರೆ ಒಂದೂ ಗಡ್ಡೆ ಕಟ್ಟುವುದಿಲ್ಲ. ಮಾವನಿಗೆ ಅದು ಸುತಾರಾಂ ಆಗದು. ಅದರ ಮೇಲೆ ಅವರ ಕೈ ಧಾರಾಳ, ಬಿತ್ತುವಾಗ ಬೀಜ ಸುರಿದೇ ಬಿಡುತ್ತಿದ್ದರು. "ಕೈ ಬಿಗಿ ಹಿಡೀರಿ ಅಂದ್ರೆ ಕೇಳಲ್ಲ," ಎಂದು ಅತ್ತೆ ಗೊಣಗುವುದು, ಅತ್ತೆ ಕೀಳಲು ಬಂದಾಗ "ಕಟುಕಿ ಬಂದ್ಲು, ಬಚ್ಚಿಟ್ಕೊಳ್ರೋ ಮಕ್ಕಳಾ," ಎಂದು ಮಾವ ಸಸಿಗಳಿಗೆ ಕೂಗಿ ಹೇಳುವುದು, ಇದು ಪ್ರತಿ ವರ್ಷದ ಹಾಡು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ, ಕಿತ್ತ ಸಸಿಗಳನ್ನು ಪಾಪ ಎಂದು ಬೇಲಿ ಪಕ್ಕ ನೆಟ್ಟಿದ್ದಳು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಮೂಲಂಗಿ ಕಿತ್ತ ಮೇಲೆ ಮುಗೀತು ಕಣೆ. ಮತ್ತೆ ನೆಟ್ಟರೆ ಹಿಡಿಯಲ್ಲ. ತೊಳೆದು ಪಾತ್ರೆಗೆ ಹಾಕು."

ಅತ್ತೆಯ ಬೆರಳುಗಳು ಏನೂ ಮರೆತಿರಲಿಲ್ಲ. ಒಂದನ್ನು ಬಿಟ್ಟು ಮೂರನ್ನು ಕೀಳುತ್ತ ಸರಸರನೆ ಮುಂದೆ ಸಾಗಿದರು. "ನೋಡು ಈ ಮನುಷ್ಯನ ಕೆಲಸ! ಇಷ್ಟು ಒತ್ತಾಗಿ ಹಾಕಿದ್ರೆ ಇವಕ್ಕೆ ಉಸಿರಾಡೋಕೆ ಜಾಗ ಬೇಡ್ವಾ?" ಎಂದು ಇಲ್ಲದ ಗಂಡನನ್ನು ಬೈಯತೊಡಗಿದರು. ಆ ಬೈಗುಳ ಕೇಳಿ ಸೊಸೆಯ ಕಣ್ಣು ತುಂಬಿ ಬಂತು. ಅತ್ತೆ ಇನ್ನು ಚೇತರಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಬಂತು.

ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. ಮುಂದಿನದನ್ನು ಹಕ್ಕಿ ತಿಂದಿರಬೇಕು ಅಂದುಕೊಂಡಳು. ಸಾಲು ನಿಂತ ಕಡೆ ಅಂಗೈ ಅಗಲದ ಜಾಗದಲ್ಲಿ ಸಸಿಗಳು ಒಂದರ ಮೇಲೊಂದು ಬಿದ್ದು ಗುಂಪಾಗಿ ಎದ್ದಿದ್ದವು. ಸೊಸೆಗೆ ನಗು ತಡೆಯಲಾಗಲಿಲ್ಲ.

"ಅತ್ತೇ, ಇಲ್ಲಿ ನೋಡಿ! ಮಾವ ಇಲ್ಲಿ ಒಂದು ಹಿಡೀನೇ ಸುರಿದುಬಿಟ್ಟಿದ್ದಾರೆ!" ಎಂದು ಇಡೀ ಗುಂಪನ್ನು ಬುಡಕ್ಕೆ ಕೈ ಹಾಕಿ ಕಿತ್ತು ಮೇಲೆತ್ತಿ ತೋರಿಸಿದಳು.

ಅತ್ತೆ ನಗುತ್ತಲೇ ತಲೆ ಎತ್ತಿದವರು ಹಾಗೇ ನಿಂತುಬಿಟ್ಟರು. ಆಮೇಲೆ ಸಾಲುಗಳನ್ನು ತುಳಿದುಕೊಂಡೇ ಬಂದರು. ಸಾಲು ತುಳಿದರೆ ಸ್ವಂತ ಮಗನನ್ನೂ ಬಿಡದೆ ಬೈಯುತ್ತಿದ್ದವರು ಅವರು. ಅವರ ಮುಖ ನೋಡಿದ ಮೇಲೆ ಸೊಸೆ ಮುಂದಿನ ಬರಿ ಮಣ್ಣನ್ನು ಸರಿಯಾಗಿ ನೋಡಿದಳು. ಹಕ್ಕಿ ಕೆದಕಿದ ಗುರುತು ಎಲ್ಲೂ ಇರಲಿಲ್ಲ. ಮಾವ ತೀರಿಹೋದ ದಿನ ಅವಳು ಗಂಡನ ಜೊತೆ ಸೊಪ್ಪು ಮಾರಲು ಹೋಗಿದ್ದಳು. ಅವರು ವಾಪಸು ಬರುವಷ್ಟರಲ್ಲಿ ಮಾವನನ್ನು ಒಳಗೆ ತಂದು ಮಲಗಿಸಿಯಾಗಿತ್ತು. ಬಿತ್ತುತ್ತಿದ್ದವರು ಕುಸಿದುಬಿದ್ದರು ಎಂದಷ್ಟೇ ಅವಳಿಗೆ ಗೊತ್ತು, ಎಲ್ಲಿ ಎಂದು ಕೇಳುವ ಧೈರ್ಯ ಆಗಿರಲಿಲ್ಲ.

"ಇಲ್ಲೇ," ಎಂದರು ಅತ್ತೆ. ತಮ್ಮ ಮುಷ್ಟಿಯನ್ನು ಮೆಲ್ಲಗೆ ಬಿಚ್ಚಿ ತೋರಿಸಿದರು. "ನಾನು ಓಡಿ ಬಂದಾಗ ಅವರ ಕೈ ಹೀಗೆ ಬಿಚ್ಚಿಕೊಂಡಿತ್ತು. ಮುಖ ನೋಡಿದೆ, ಎದೆ ಮುಟ್ಟಿ ನೋಡಿದೆ. ಕೈಯಲ್ಲಿ ಬೀಜ ಇತ್ತು ಅನ್ನೋದು ನೆನಪೇ ಆಗಲಿಲ್ಲ ಕಣೆ."

"ಅತ್ತೆ, ನಂಗೆ ಗೊತ್ತಿರಲಿಲ್ಲ… ನಿಮ್ಮಾಣೆಗೂ ಗೊತ್ತಿರಲಿಲ್ಲ," ಎಂದು ಸೊಸೆ ಅಳತೊಡಗಿದಳು.

"ನಿಂಗೆ ಹೇಗೆ ಗೊತ್ತಾಗಬೇಕು? ಬಿಡು. ನಾನೇ ಕಲಿಸಿದ್ದಲ್ವಾ ಕೀಳೋದು." ಅತ್ತೆ ಮಣ್ಣಿನ ಮೇಲೇ ಕೂತರು. "ಕೈ ಬಿಗಿ ಹಿಡೀರಿ, ಕೈ ಬಿಗಿ ಹಿಡೀರಿ ಅಂತ ಮದುವೆ ಆದಾಗಿಂದ ಬಡ್ಕೊಂಡೆ. ಕೊನೆಗೂ ಹಿಡೀಲಿಲ್ಲ ನೋಡು ಆ ಮನುಷ್ಯ."

ಸೊಸೆಯ ಮುಷ್ಟಿಯಿಂದ ಸಸಿಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. ಕೆಲವು ಆಗಲೇ ತಲೆ ಬಾಗಿಸಿದ್ದವು. ಮಣ್ಣಲ್ಲಿ ಬೆರಳು ಊರಿ ಒಂದು ಗುಳಿ ಮಾಡಿ, ನೂಲಿನಂಥ ಬೇರನ್ನು ಒಳಗೆ ಇಳಿಬಿಟ್ಟು, ಸುತ್ತ ಮಣ್ಣು ಒತ್ತಿದರು. ಪಕ್ಕದಲ್ಲೇ ಇನ್ನೊಂದು ಗುಳಿ ಮಾಡಿದರು. ಒಂದಕ್ಕೊಂದು ತಾಗುವಂತೆ, ಮೊದಲು ಹೇಗಿತ್ತೋ ಹಾಗೇ, ಒತ್ತೊತ್ತಾಗಿ ನೆಡುತ್ತ ಹೋದರು.

ಸೊಸೆ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತಳು. ಸಂಕಟ ತಡೆಯಲಾಗದೆ ಮೆಲ್ಲಗೆ ಅಂದಳು:

"ಅತ್ತೆ, ಮೂಲಂಗಿ ಕಿತ್ತು ನೆಟ್ಟರೆ ಹಿಡಿಯಲ್ಲ ಅಂತ ನೀವೇ…"

"ಗೊತ್ತು," ಎಂದರು ಅತ್ತೆ, ತಲೆ ಎತ್ತದೆ. "ಹೋಗಿ ನೀರು ತಗೊಂಡು ಬಾ."