ಮಾತು ಬಿಟ್ಟ ಮನೆಯ ಆಕಳು

“ಇದರ ಮೂಗು ಯಾರ್ ಒರಸ್ಯಾರ?” ಬೇವೂರಿನ ಶರಣಬಸಮ್ಮನ ಎಮ್ಮೆಯ ಮೂತಿ ಹಿಡಿದು ದನದ ಡಾಕ್ಟರು ಶೈಲಶ್ರೀ ಕೇಳಿದರು.

“ನಾನ ಒರಸೀನ್ರಿ ಮೇಡಂ, ಸೆರಗಿಲೆ. ಬಾಯಿ ಬರದ ಜೀವ, ಪಾಪ.” ಶರಣಬಸಮ್ಮನ ದನಿಯಲ್ಲಿ ಹೆಮ್ಮೆಯಿತ್ತು. ಓಣಿಯಲ್ಲಿ ಯಾರ ದನ ಕೆಮ್ಮಿದರೂ ಮೊದಲು ಹೋಗಿ ನಿಲ್ಲುವವಳು ಅವಳೇ. ಚಹಾ ಕುಡಿದು, ಒಂದಿಷ್ಟು ಸುದ್ದಿ ಕೊಟ್ಟು, ಒಂದಿಷ್ಟು ಸುದ್ದಿ ತಗೊಂಡು, ಏಳುವಾಗ ದನದ ಸಿಂಬಳ ಒರೆಸಿ, ಗದ್ದ ಸವರಿಯೇ ಬರುವಳು.

ಡಾಕ್ಟರು ಕೈ ತೊಳೆದುಕೊಂಡರು. “ಇದು ವೈರಸ್ಸಿನ ಕೆಮ್ಮು. ಉಸಿರಿನಿಂದ ಹಬ್ಬತೈತಿ, ಸಿಂಬಳ ಹತ್ತಿದ ಬಟ್ಟಿಯಿಂದಾನೂ ಹಬ್ಬತೈತಿ. ಈ ಓಣ್ಯಾಗ ಯಾರೂ ದನ ಹೊರಗ ಬಿಡಂಗಿಲ್ಲ, ಕಟ್ಟೇ ಮೇಯಿಸ್ತೀರಿ. ಆದ್ರೂ ಹುಲಗೆಮ್ಮನ ಮನಿಗೆ ಬಂತು, ಕನಕಪ್ಪನ ಮನಿಗೆ ಬಂತು, ನಡುವಿನ ಮನಿ ಸಣ್ಣವ್ವನ ಆಕಳಿಗೆ ಮಾತ್ರ ಬರಲಿಲ್ಲ. ಯಾಕಿರಬೇಕು?”

“ಆಕಿ ಸುದ್ದಿ ನನ್ನ ಮುಂದ ತಗೀಬ್ಯಾಡ್ರಿ. ಮಗಳ ಲಗ್ನಕ್ಕ ಊರೆಲ್ಲಾ ಕರದು ಕಡೀಕ ನನ್ನ ಕರದಾಳ. ಯುಗಾದಿಯಿಂದ ಆಕಿ ಹೊಸ್ತಿಲಾ ತುಳದಿಲ್ಲ ನಾನು.”

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂಬುದು ಶರಣಬಸಮ್ಮನಿಗೆ ಹೊಳೆಯಿತು. ಸೆರಗನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಾಕ್ಟರು ನಗು ತಡೆದುಕೊಂಡು, ಕೆಮ್ಮು ನಿಲ್ಲುವತನಕ ಯಾರ ಕೊಟ್ಟಿಗೆಗೂ ಕಾಲಿಡಬೇಡಿ ಎಂದರು.

ಮನೆಯಲ್ಲಿ ಕೂತಿರುವುದು ಅವಳಿಗೆ ಜ್ವರಕ್ಕಿಂತ ಕಷ್ಟವಾಯಿತು. ತಾನಿಲ್ಲದೆ ಓಣಿಯ ಸುದ್ದಿ ಹೇಗೆ ಸಾಗುತ್ತದೋ ಎಂಬ ಚಿಂತೆ ಒಂದು ಕಡೆ, ಹುಲಗೆಮ್ಮನ ಕರು ಮೇವು ಬಿಟ್ಟದ್ದು ತನ್ನಿಂದಲೇ ಎಂಬ ಸಂಕಟ ಇನ್ನೊಂದು ಕಡೆ. ಆ ಕರು ಮತ್ತೆ ಮೇವಿಗೆ ಬಾಯಿ ಹಾಕಿತೆಂದು ಕೇಳಿದ ದಿನವೇ ಅವಳು ಹೊಟ್ಟೆ ತುಂಬ ಉಂಡದ್ದು.

ದನಗಳೆಲ್ಲ ಗುಣವಾದವು. ಶರಣಬಸಮ್ಮ ಒಗೆದ ಸೀರೆ ಉಟ್ಟು, ಬಟ್ಟಲ ತುಂಬ ಸಿಹಿ ಮಾದಲಿ ಹಿಡಿದು ನೆಟ್ಟಗೆ ಸಣ್ಣವ್ವನ ಮನೆಗೆ ನಡೆದಳು. ಹಾಗೆ ನೋಡಿದರೆ ತನ್ನ ಸಿಟ್ಟೇ ಅವಳ ಆಕಳನ್ನು ಕಾಪಾಡಿತಲ್ಲ ಎಂಬ ಸಣ್ಣ ಹಮ್ಮೂ ಮನಸ್ಸಿನಲ್ಲಿತ್ತು.

“ಸಣ್ಣವ್ವಾ, ಆದದ್ದು ಆಗಿಹೋತು. ಸಿಟ್ಟು ಬಿಟ್ಟು ಬಂದೀನಿ, ಬಾಗಲಾ ತಗಿ.”

ಸಣ್ಣವ್ವ ಬಾಗಿಲು ತೆಗೆಯಲಿಲ್ಲ. ಕಿಟಕಿಯಿಂದಲೇ ಕೈ ಚಾಚಿ ಬಟ್ಟಲು ಒಳಗೆ ತಗೊಂಡಳು.

“ನನಗ ನಿನ್ನ ಮ್ಯಾಲ ಸಿಟ್ಟಿಲ್ಲ ಯಕ್ಕಾ. ಆದ್ರ ನೀ ಇಷ್ಟು ಲಗೂನ ಸಿಟ್ಟು ಬಿಡಬ್ಯಾಡ. ನನ್ನ ಆಕಳು ಗಬ್ಬ ಐತಿ, ಅದು ಈಯೋತನಾ ಒಂದೀಟು ಇಟ್ಕೊಂಡಿರು.”