ದೆವ್ವವಾಗಿ ಬಂದ ಹುಡುಗ

ಹರೆಯದವರಿಗಾಗಿ ದೆವ್ವ, ಪ್ರೇಮಗಳ ಕಾದಂಬರಿ ತರುವ ಪ್ರಕಾಶನವೊಂದರಲ್ಲಿ ಮಂದಾಕಿನಿ ಸಂಪಾದಕಿ. ಹೊಸದಾಗಿ ಬರಲಿದ್ದ ಕಾದಂಬರಿಯೊಂದರ ಹಸ್ತಪ್ರತಿ ಅವಳ ಮೇಜಿಗೆ ಬಂತು. ಅದರಲ್ಲಿ ಕೆರೆಯಲ್ಲಿ ಸತ್ತ ಹುಡುಗನೊಬ್ಬ ದೆವ್ವವಾಗಿ ಪ್ರೇಯಸಿಯ ಬಳಿ ಬರುತ್ತಾನೆ. ತನ್ನ ತಾಯಿಯನ್ನು ಅವನು 'ಕೆಂಪು ಪೆನ್ನಮ್ಮ' ಎನ್ನುತ್ತಾನೆ. ಎರಡು ವರ್ಷದ ಹಿಂದೆ ಕೆರೆಯ ಪಾಲಾದ ಮಗ ತನ್ಮಯನನ್ನು ಬಿಟ್ಟರೆ ಮಂದಾಕಿನಿಯನ್ನು ಯಾರೂ ಹಾಗೆ ಕರೆದಿರಲಿಲ್ಲ. ಆ ಹುಡುಗ ಸತ್ತದ್ದು ಹೇಗೆಂದು ಹೇಳಬೇಕಾದ ಕೊನೆಯ ಅಧ್ಯಾಯ ಇನ್ನೂ ಬಂದಿರಲಿಲ್ಲ.

ಮರುದಿನವೇ ಲೇಖಕಿಯನ್ನು ಕರೆಸಿದಳು. ಬಂದವಳು ಇಪ್ಪತ್ತೂ ತುಂಬದ ಹುಡುಗಿ, ಸಿಂಚನ.

"ನನ್ನ ಮಗ ನಿನಗೆ ಹೇಗೆ ಗೊತ್ತು?" ಎಂದಳು ಮಂದಾಕಿನಿ, ಕೂರಲೂ ಹೇಳದೆ.

"ಒಂದೇ ಕಾಲೇಜು, ಮೇಡಂ. ನಾವಿಬ್ಬರೂ ಪ್ರೀತಿಸ್ತಿದ್ವಿ."

"ಇದು ನನ್ನ ಮೇಜಿಗೇ ಬರುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿದ್ದೇ ಕಳಿಸಿದೆ."

ಮಂದಾಕಿನಿಗೆ ಮೈಯೆಲ್ಲ ಉರಿದುಹೋಯಿತು. "ಅವನು ಸಾಯೋ ಹಿಂದಿನ ದಿನ ಮಾರ್ಕ್ಸ್ ವಿಷಯಕ್ಕೆ ನಾನು ಅವನ ಮೇಲೆ ಕೈ ಮಾಡಿದ್ದೆ. ಆ ಬೇಜಾರಿಗೇ ಹೋಗಿ ನೀರಿಗೆ ಬಿದ್ದ. ಅವತ್ತಿಂದ ದಿನಾ ಸಾಯ್ತಿದೀನಿ ನಾನು. ನೀನು ಅದನ್ನ ಕತೆ ಮಾಡಿ ಮಾರೋಕೆ ಹೊರಟಿದೀಯಾ?"

ಹುಡುಗಿ ತಲೆಯಲ್ಲಾಡಿಸಿದಳು.

"ಅವನು ಸಾಯೋಕೆ ನೀರಿಗೆ ಇಳೀಲಿಲ್ಲ, ಮೇಡಂ. ಕಾಲು ಜಾರಿ ಮುಳುಗ್ತಾ ಇದ್ದೋಳು ನಾನು."