ನೀಲವ್ವನ ಬಲಗೈ

ನೀಲವ್ವ ತನ್ನ ಯಂತ್ರದ ಬಲಗೈಗೆ ಹಾಕಲು ಕೇಳಿದ್ದು ಟ್ರ್ಯಾಕ್ಟರ್ ಓಡಿಸುವ ತಂತ್ರಾಂಶದ ಹೊಸ ಆವೃತ್ತಿಯನ್ನು ಮಾತ್ರ. ನೇಯ್ಗೆಯದು ಹಳೆಯದೇ ಇರಲಿ, ಎರಡನ್ನೂ ಕೈಯ ನೆನಪಿನ ಬೇರೆ ಬೇರೆ ಕೋಣೆಯಲ್ಲಿಡಿ ಎಂದು ಎರಡು ಸಲ ಹೇಳಿದ್ದಳು. ಕೈದುರಸ್ತಿ ಕೇಂದ್ರದ ಗುಮಾಸ್ತ ಎಲ್ಲಕ್ಕೂ ಹೊಸದನ್ನೇ ಹಾಕಿಬಿಟ್ಟಿದ್ದ. ತೀರಿಹೋದ ಅವ್ವ ಈ ಕೈಗೆ ಕಲಿಸಿದ್ದ ಸೆರಗು ಜೋಡಿಸುವ ಗಂಟು ಮರೆತೇಹೋಗಿ, ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು.

"ಹಳೇದು ವಾಪಸ್ ಹಾಕ್ರಿ."

"ಅದು ಅಳಿಸಿ ಹೋಗೇದ ಅಕ್ಕಾರ. ಹೊಸದ್ರಾಗ ನೂರು ನಮೂನಿ ಗಂಟು ಅದಾವ."

"ನಮ್ಮವ್ವಂದು ಐತೇನು?"

ಗುಮಾಸ್ತ ದೂರಿನ ಅರ್ಜಿ ಮುಂದಿಟ್ಟ. ನೀಲವ್ವ ಆ ಬಲಗೈಯಿಂದಲೇ ಸಹಿ ಮಾಡಿದಳು. ಅಕ್ಷರಗಳು ಅಚ್ಚು ಹಾಕಿದಂತೆ ದುಂಡಗೆ ಬಂದವು.

"ಇದು ನಿಮ್ಮ ಹಳೇ ಸಹಿಗೆ ಹೊಂದೂದಿಲ್ರಿ. ಅರ್ಜಿ ತಗೊಳ್ಳಾಕ ಬರೂದಿಲ್ಲ."

ನೀಲವ್ವ ಭುಜದ ತಿರುಪು ಬಿಚ್ಚಿ, ಆ ಕೈಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಹಂಗಾರ ಇದು ನನ್ನ ಕೈ ಅಲ್ಲ. ನಂದು ನನಗ ತಂದು ಕೊಟ್ಟು ಆಮ್ಯಾಲ ಮಾತಾಡು!"